ಬೆಚ್ಚಗಿನ ಮೂಲೆ

ನಾನು ಕೊಲ್ಲಿ ದೇಶದ ಶುಐಬಾದ ಕಾರ್ಖಾನೆಯಲ್ಲಿ ಪೈಪ್ ಕೆಲಸ ಮಾಡುವವನು. ಬಿಸಿ ಎಲ್ಲಿಂದ ಬರುತ್ತದೆ ಎಂದು ನನಗಾದರೂ ಗೊತ್ತಾಗಬೇಕಿತ್ತು.

ಅಲ್ಲೇ ಹತ್ತಿರದ ಫಿಂಟಾಸ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮೊದಲು ಕೊರಿಯಾದ ದಂಪತಿ ಇದ್ದರಂತೆ. ಅವರು ತಮ್ಮೂರಿನ ಪದ್ಧತಿಯಂತೆ ನೆಲದಡಿ ಬಿಸಿನೀರಿನ ಪೈಪು ಹಾಕಿಸಿ, ನೆಲದ ಮೇಲೆಯೇ ಮಲಗುತ್ತಿದ್ದರಂತೆ. ನಾವು ಬರುವಾಗ ಬಾಯ್ಲರ್ ಇರಲಿಲ್ಲ. ಆದರೂ ಜನವರಿಯ ಚಳಿಯಲ್ಲಿ ಹಾಲ್‌ನ ಒಂದು ಮೂಲೆ ಮಾತ್ರ ಬೆಚ್ಚಗಿರುತ್ತಿತ್ತು. ಒಬ್ಬರು ಮೈಚಾಚುವಷ್ಟು ಜಾಗ, ಅಷ್ಟೇ.

ಚಳಿಗೆ ಉಬ್ಬದ ಇಡ್ಲಿ ಹಿಟ್ಟನ್ನು ನನ್ನ ಹೆಂಡತಿ ಸುಗಂಧಿ ಅಲ್ಲಿಡತೊಡಗಿದಳು. ಬೆಳಿಗ್ಗೆ ಹಿಟ್ಟು ಚೆನ್ನಾಗಿ ಉಬ್ಬಿರುತ್ತಿತ್ತು. ಪಾತ್ರೆ ಮಾತ್ರ ದಿನವೂ ಗೋಡೆಯ ಬದಿಗೆ ಸರಿದಿರುತ್ತಿತ್ತು.

ಒಂದು ಶುಕ್ರವಾರ ನಾನೇ ಟೈಲ್ಸ್ ಎಬ್ಬಿಸಿ ನೋಡಿದೆ. ಅಡಿಯಲ್ಲಿ ಕತ್ತರಿಸಿದ ಒಣ ಪೈಪು, ತಣ್ಣನೆಯ ಮರಳು.

"ಬಿಸಿ ಎಲ್ಲಿಂದಾದ್ರೂ ಬರ್ಲಿ ಮಾರಾಯ್ರೆ, ಹಿಟ್ಟು ಉಬ್ತದಲ್ಲ!" ಎಂದಳು ಸುಗಂಧಿ.

ಟೈಲ್ಸ್ ಮತ್ತೆ ಕೂರಿಸಿದೆ. ಮರುದಿನ ಬೆಳಿಗ್ಗೆ ಸುಗಂಧಿ ನನ್ನ ಪಕ್ಕದಲ್ಲೇ ನಿದ್ದೆಯಲ್ಲಿದ್ದಳು; ಮಗಳು ತೃಷಾ ಮಾತ್ರ ತನ್ನ ಹಾಸಿಗೆಯಲ್ಲಿರಲಿಲ್ಲ. ಆ ಮೂಲೆಯಲ್ಲಿ, ಗೋಡೆಗೆ ಒತ್ತಿಕೊಂಡು ಮಲಗಿದ್ದಳು.

"ಇಲ್ಲಿಗೆ ಯಾಕೆ ಬಂದೆ ಮಗಾ?"

"ಐ ವಾಸ್ ಕೋಲ್ಡ್, ಪಪ್ಪಾ. ಶೀ ಗೇವ್ ಮೀ ಪ್ಲೇಸ್."

ಅವಳನ್ನು ಎತ್ತಿಕೊಂಡೆ. ಅವಳು ಮಲಗಿದ್ದ ನೆಲ ತಣ್ಣಗಿತ್ತು. ಪಕ್ಕದ ಖಾಲಿ ಜಾಗ ಬಿಸಿಯಾಗಿತ್ತು.