ಅಪ್ಪನ ಲೆನ್ಸಿಗೆ ಹೊಸ ಕ್ಯಾಮೆರಾ

ಲೇತ್ ಮಷೀನಿನ ಬಾಯಲ್ಲಿ ಅಪ್ಪನ ಲೆನ್ಸ್ ಗರಗರ ತಿರುಗುತ್ತಿತ್ತು!

ಬಂಡೆಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಲೆನ್ಸಿನ ಹಿಂಬದಿಯಿಂದ ಲೋಹದ ಸುರುಳಿ ಉದುರುತ್ತಿತ್ತು.

"ನಿಲ್ಲಿಸ್ರಿ... ಮೊದಲ ಮಷಿನ್ ನಿಲ್ಲಿಸ್ರಿ."

ಮಷೀನು ನಿಂತಿತು. ಬಗ್ಗಿದ್ದವನು ತಲೆ ಎತ್ತಿದ. ಅವಳು ಗುರುತು ಹಿಡಿದಳು.

ಉರುಕುಂದಪ್ಪ. ಆರು ತಿಂಗಳ ಹಿಂದೆ ದೇವದುರ್ಗದಿಂದ ಅವಳನ್ನು ನೋಡಲು ಬಂದಿದ್ದ ವರ. ಅವಳು ಒಲ್ಲೆ ಎಂದಿದ್ದ ವರ.

'ರಾಯಚೂರಿನಲ್ಲಿ ಇಷ್ಟು ಲೇತಿನವರಿರುವಾಗ ಅಪ್ಪನ ಲೆನ್ಸ್ ಇವನ ಕೈಗೇ ಸಿಗಬೇಕಿತ್ತೇ?'

ಅಪ್ಪ ಬೂದೆಪ್ಪ ತೀರಿಕೊಂಡ ಮೇಲೆ ಮಾನ್ವಿಯ ಸ್ಟುಡಿಯೋ ನಡೆಸುತ್ತಿದ್ದವಳು ಅವಳೇ. ಹಳೆಯ ಕ್ಯಾಮೆರಾ ಕೆಟ್ಟು ಕೂತಾಗ, ಅದೇ ಕಂಪನಿಯದೆಂಬ ಧೈರ್ಯದಿಂದ ಹೈದರಾಬಾದಿನಿಂದ ಹೊಸದು ತರಿಸಿದ್ದಳು. ಎಂಬತ್ತೆಂಟನೇ ಇಸವಿಯ ಆ ಮಾದರಿಯಲ್ಲಿ ಲೆನ್ಸ್ ಕೂರುವ ಬಾಯನ್ನೇ ಬದಲಿಸಿಬಿಟ್ಟಿದ್ದರು! ಕಂಪನಿಗೆ ಕಾಗದ ಬರೆದರೆ, ಹಳೆಯ ಲೆನ್ಸಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ, ಹೊಸದು ಕೊಳ್ಳಿ ಎಂಬ ಉತ್ತರ. ಹೊಸದಕ್ಕೆ ದುಡ್ಡಿಲ್ಲ; ಲೆನ್ಸ್ ಇಲ್ಲವೆಂದರೆ ಅಂಗಡಿಗೆ ಬೀಗವೇ. ಕೊನೆಗೆ ಗಡಿಯಾರ ರಿಪೇರಿಯ ಅಬ್ದುಲ್ ವಹೀದ್, ಪರಿಚಯದ ಲೇತಿನವನಿಗೆ ತೋರಿಸುತ್ತೇನೆಂದು ರಾಯಚೂರಿಗೆ ಒಯ್ದಿದ್ದರು; ಅವರು ಕೊಟ್ಟ ವಿಳಾಸ ಹಿಡಿದು ಇವಳು ಇಂದು ನೋಡಲು ಬಂದಿದ್ದಳು. ಆ ಲೇತಿನವನು ಯಾರೆಂದು ಕೇಳುವ ಬುದ್ಧಿ ಇವಳಿಗೂ ಬರಲಿಲ್ಲ ನೋಡಿ.

"ಸೇಡು ತೀರಿಸ್ಕೊಂಡ್ರಿ?" ಅವಳು ಮಷೀನಿನ ಹತ್ತಿರ ಬಂದಳು. "ನಿಮ್ಮನ್ನ ಒಲ್ಲೆ ಅಂದಿದ್ದಕ್ಕ ನಮ್ಮಪ್ಪನ ಲೆನ್ಸ್ ಕೊಯ್ದ್ರಿ?"

ಅವನು ತಗಡಿನ ಪೆಟ್ಟಿಗೆ ತೆರೆದ. ಬಿಳಿ ಬಟ್ಟೆಯೊಳಗೆ ಅಪ್ಪನ ಲೆನ್ಸ್ ಒಂದು ಗೀರೂ ಇಲ್ಲದೆ ಹಾಗೇ ಇತ್ತು.

"ಮಷಿನ್ಯಾಗ ಇರೋದು ಅದೇ ನಮೂನಿ ಒಡೆದ ಲೆನ್ಸ್ ರೀ. ಗುಜರಿಯಾಗ ಹುಡುಕಿ ತಂದೆ. ಅದನ್ನ ಕೊಯ್ದು ಅಳತಿ ತಗೊಳ್ಳಾಕತ್ತೀನಿ. ಆ ಅಳತಿಗೆ ನಡುವ ಬಳಿಯಂಥ ಒಂದು ಪಟ್ಟಿ ಮಾಡಿ ಕೂಡಿಸಿದ್ರ, ನಿಮ್ಮದು ಹೊಸ ಕ್ಯಾಮೆರಾಕ್ಕ ಕೂಡ್ತದ. ದೂರದ್ದು ಮಸುಕಾಗ್ತದ. ಹತ್ತಿರ ನಿಂತು ಮುಖ ತಗದ್ರ ಚಂದ ಬರ್ತದ."

ಅಂದರೆ ಅಂಗಡಿ ಉಳಿಯಿತು... ಅವಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಒಲ್ಲೆ ಅಂದೋಳಿಗೆ ಇಷ್ಟ್ಯಾಕ ಮಾಡ್ತೀರಿ?"

"ನೀವು ಒಲ್ಲೆ ಅಂದ್ರೂ... ನನ್ನ ಮನಸು ನಿಮ್ಮ ಕಡೀನೇ ಅದ. ಮಸಿ ಕೈಯವ ಅಂತ ಬ್ಯಾಡಂದ್ರಿ. ತಪ್ಪೇನಿಲ್ಲ ಬಿಡ್ರಿ."

ಅವಳು ಗಕ್ಕನೆ ತಲೆ ಎತ್ತಿದಳು.

"ಹಂಗಂತ ಯಾರಂದ್ರು? ಮದುವಿ ಆದ್ಮ್ಯಾಲೆ ಅಂಗಡಿ ಮುಚ್ಚಬೇಕು, ಸೊಸಿ ಗಂಡಸರ ಫೋಟೋ ತಗೀಬಾರ್ದು ಅಂದ್ರು ನಿಮ್ಮವ್ವ. ಅದಕ್ಕ ಒಲ್ಲೆ ಅಂದೆ."

ಈಗ ದಂಗಾಗುವ ಸರದಿ ಅವನದು.

"ಈ ಮಾತು... ನನಗ ಒಬ್ಬರೂ ಹೇಳ್ಲಿಲ್ಲ."

ಆರು ತಿಂಗಳು ವ್ಯರ್ಥ ಹೋಯಿತಲ್ಲ ಎಂದು ಅವಳ ಕಣ್ಣು ತುಂಬಿತು.

"ರವಿವಾರ ಅವ್ವನ್ನ ಕರ್ಕೊಂಡು ಮತ್ತ ಬರ್ತೀನ್ರಿ. ಈ ಸಲ ಮಾತು ನಾನ ಆಡ್ತೀನಿ."

"ರವಿವಾರ ನಾ ಮನ್ಯಾಗ ಇರಂಗಿಲ್ಲ. ಅಂಗಡ್ಯಾಗ ಗಿರಾಕಿ ಇರ್ತಾರ."

"ಗೊತ್ತದರೀ," ಎಂದ ಅವನು. "ಹೆಣ್ಣು ಕೇಳಾಕ ನಾವು ಅಂಗಡಿಗೇ ಬರ್ತೀವಿ."