ಚಲೋ ಐತಿ ಅಂದವರು ಚಹಾ ತರಬೇಕು

ಅಡಿವೆಪ್ಪನಿಗೆ ಸಂಗೀತದಿಂದ ಏನೂ ಆಗುತ್ತಿರಲಿಲ್ಲ. ಕಿವಿ ಚುರುಕಾಗಿತ್ತು. ಶ್ರುತಿ ತಪ್ಪಿದರೆ ಗೊತ್ತಾಗುತ್ತಿತ್ತು, ಒಮ್ಮೆ ಕೇಳಿದ ಹಾಡಿನ ಮಾತುಗಳು ಹಾಗೇ ಬಾಯಿಗೆ ಬರುತ್ತಿದ್ದವು. ಆದರೆ ಬೇರೆಯವರು ಹಾಡು ಕೇಳಿ ಕಣ್ಣು ಮುಚ್ಚುವುದು, ತಲೆದೂಗುವುದು, ಮೈ ಜುಮ್ಮೆಂದಿತು ಅನ್ನುವುದು ಏಕೆಂದು ಐವತ್ತನಾಲ್ಕನೆಯ ವಯಸ್ಸಿನವರೆಗೂ ಅವನಿಗೆ ತಿಳಿದಿರಲಿಲ್ಲ. ಅವನ ಮಟ್ಟಿಗೆ ಹಾಡು ಎಂದರೆ ಯಾರೋ ಒಬ್ಬರು ಹೇಳಬೇಕಾದ್ದನ್ನು ನೇರವಾಗಿ ಹೇಳದೆ ಎಳೆದಾಡುವುದು.

ಧಾರವಾಡದ ಹೊರವಲಯದ ಒಂದು ನರವಿಜ್ಞಾನ ಪ್ರಯೋಗಾಲಯದಲ್ಲಿ ಡಾಕ್ಟರ್ ಶಾಂಭವಿ ಕಟಗೇರಿ ಅವನ ಬಲಗಿವಿಯ ಹಿಂದೆ ಅವರೆಕಾಳಿನಷ್ಟು ದೊಡ್ಡ ಸಾಧನವೊಂದನ್ನು ಕೂರಿಸಿ, ಮೊದಲ ಸಲ ಚಾಲೂ ಮಾಡಿದಳು. ಪರೀಕ್ಷೆಗೆಂದು ಅವಳು ಹಾಕಿದ್ದು ಒಂದು ಹಳೆಯ ಶಹನಾಯಿ ಆಲ್ಬಂ. ಮೂರು ವರ್ಷಗಳ ಹಿಂದೆ ಅದನ್ನು ಕೇಳಿದಾಗ ಅಡಿವೆಪ್ಪ, ನುಡಿಸುವವನು ಕೂತ ಸ್ಟೂಲು ಕಿರುಗುಟ್ಟುತ್ತದೆ, ಅದರ ಒಂದು ಕಾಲು ಗಿಡ್ಡ ಇರಬೇಕು ಎಂದಿದ್ದ. ಅಷ್ಟೇ ಅವನಿಗೆ ಅದರಲ್ಲಿ ಸಿಕ್ಕಿದ್ದು.

ಈ ಸಲ ಮೊದಲ ಸ್ವರ ಎದ್ದು ನಿಂತಿತು, ಅಡಿವೆಪ್ಪನ ಮುಂಗೈ ಮೇಲಿನ ಕೂದಲೂ ಎದ್ದು ನಿಂತವು. ಅವನು ಕೈಯನ್ನು ನೋಡಿಕೊಂಡ. ಅದು ತನ್ನದಲ್ಲವೇನೋ ಎಂಬಂತೆ ನೋಡಿಕೊಂಡ. ಆಲ್ಬಂ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ.

"ಸ್ಟೂಲು?" ಎಂದಳು ಶಾಂಭವಿ, ನಗುತ್ತ.

"ಯಾವ ಸ್ಟೂಲು?" ಎಂದ ಅಡಿವೆಪ್ಪ.

ಇಬ್ಬರೂ ಹೊಟ್ಟೆ ತುಂಬ ನಕ್ಕರು. ಪ್ರಯೋಗ ಯಶಸ್ವಿಯಾಯಿತು ಎಂದು ಅವಳು ಬರೆದುಕೊಂಡಳು.

ಆ ಸಾಧನದ ಹೆಸರು ರಸಸೇತು. ಅದು ಮಾಡುವ ಕೆಲಸವನ್ನು ಶಾಂಭವಿ ಯಾರಿಗಾದರೂ ಎರಡು ಮಾತಿನಲ್ಲಿ ಹೇಳಬಲ್ಲವಳಾಗಿದ್ದಳು. ನಾದವು ಕಿವಿಯಿಂದ ಮಿದುಳಿನ ಶ್ರವಣಭಾಗಕ್ಕೆ ಹೋಗುತ್ತದೆ. ಸಾಮಾನ್ಯ ಜನರಲ್ಲಿ ಅಲ್ಲಿಂದ ಸುಖಕೇಂದ್ರಕ್ಕೆ ಒಂದು ಅಗಲವಾದ ನರದಾರಿ ಇರುತ್ತದೆ. ಕೆಲವೇ ಕೆಲವರಲ್ಲಿ ಆ ದಾರಿ ಹುಟ್ಟಿನಿಂದಲೇ ಸಣ್ಣದು. ಅವರಿಗೆ ಊಟ ರುಚಿಸುತ್ತದೆ, ನಗೆ ಬರುತ್ತದೆ, ಪ್ರೀತಿ ಹುಟ್ಟುತ್ತದೆ, ಹಾಡು ಮಾತ್ರ ಮುಟ್ಟುವುದಿಲ್ಲ. ಇದನ್ನು ಅವಳು ನಾದನಿರ್ಲಿಪ್ತತೆ ಎಂದು ಕರೆದಿದ್ದಳು. ರಸಸೇತು ಶ್ರವಣಭಾಗದ ಮಿಡಿತವನ್ನು ಓದಿ, ಅದೇ ಲಯದ ಸಣ್ಣ ವಿದ್ಯುತ್ ಮಿಡಿತಗಳನ್ನು ಸುಖಕೇಂದ್ರಕ್ಕೆ ಕಳಿಸುತ್ತದೆ. ಇಲ್ಲದ ದಾರಿಗೆ ಹಾಕಿದ ಸೇತುವೆ, ಅಷ್ಟೇ.

ಅಡಿವೆಪ್ಪನ ಈ ಕೊರತೆ ಬಯಲಾದದ್ದು ಆಕಸ್ಮಿಕವಾಗಿ. ತನ್ನ ಪ್ರಯೋಗಕ್ಕೆ ಸಂಗೀತಪ್ರೇಮಿಗಳು ಬೇಕೆಂದು ಶಾಂಭವಿ ಗೆಳೆಯರನ್ನೇ ಕರೆದಿದ್ದಳು. ಎಲ್ಲರ ಸುಖಕೇಂದ್ರದ ಮಿಡಿತ ತೋರಿಸುವ ಗೆರೆಗಳೂ ಪರದೆಯ ಮೇಲೆ ಕುಣಿದವು. ಅಡಿವೆಪ್ಪನದು ನೆಲಕ್ಕೆ ಅಂಟಿಕೊಂಡು ಮಲಗಿತು. ತಂತಿ ಕಿತ್ತಿದೆ ಎಂದುಕೊಂಡು ಅವಳು ಎರಡು ಸಲ ನೋಡಿದಳು. ತಂತಿ ಸರಿಯಾಗಿತ್ತು. ಆಗ ಅವಳು ಅವನ ಮುಖ ನೋಡಿದಳು; ಅವನು, ಯಾರಿಗೂ ಹೇಳಬೇಡ ಎಂದ.

ಹೇಳಬಾರದು ಎನ್ನುವುದಕ್ಕೆ ಕಾರಣವಿತ್ತು. ಮೂವತ್ತು ವರ್ಷಗಳಿಂದ ಅವನು ಪ್ರತಿ ಭಾನುವಾರ ಆಲ್ಬಂ ಕೇಳುವ ಕೂಟದಲ್ಲಿ ಕೂರುತ್ತಿದ್ದ.

ಕೂಟ ಸೇರುತ್ತಿದ್ದದ್ದು ಹುಬ್ಬಳ್ಳಿಯಲ್ಲಿ, ದಸ್ತಗೀರ ಮುಲ್ಲಾನ ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ. ದಸ್ತಗೀರ ಮತ್ತು ಅಡಿವೆಪ್ಪ ಕಾಲೇಜಿನಲ್ಲಿ ಒಂದೇ ಹಾಸ್ಟೆಲಿನ ಒಂದೇ ಕೋಣೆಯವರು. ಆಗ ಇಬ್ಬರ ನಡುವೆ ಒಂದು ಮೊಬೈಲು, ಒಂದು ಇಯರ್‌ಫೋನು. ಬಲಗಡೆಯ ಗುಂಡಿ ದಸ್ತಗೀರನ ಕಿವಿಗೆ, ಎಡಗಡೆಯದು ಅಡಿವೆಪ್ಪನಿಗೆ. ತಂತಿ ಗಿಡ್ಡ ಇದ್ದುದರಿಂದ ತಲೆಗೆ ತಲೆ ಹಚ್ಚಿಕೊಂಡು ಒಂದೇ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದರು. ಹಾಡು ಮುಗಿದೊಡನೆ ದಸ್ತಗೀರ ಅದನ್ನೇ ತಿರುಗಿ ಹಾಡಿ ತೋರಿಸುತ್ತಿದ್ದ. ಅವನಿಗೆ ಹಾಡುವ ಹುಚ್ಚು, ಅಡಿವೆಪ್ಪನಿಗೆ ಅವನ ಪಕ್ಕದಲ್ಲಿರುವ ಹುಚ್ಚು. ಆಲ್ಬಂ ಬಗ್ಗೆ ಏನಾದರೂ ಹೇಳದಿದ್ದರೆ ಪಕ್ಕದ ಆ ಜಾಗ ಬೇರೆಯವರ ಪಾಲಾಗುತ್ತಿತ್ತು. ಹಾಗಾಗಿ ಅವನು ಹಾಡನ್ನು ಬಿಟ್ಟು ಹಾಡಿನ ಸುತ್ತ ಇದ್ದುದನ್ನೆಲ್ಲ ಕೇಳಲು ಕಲಿತ.

ಮುಂದೆ ಶಾಂಭವಿ ಸೇರಿದಳು. ಬಸ್ ಕಂಡಕ್ಟರ್ ಪರಸಪ್ಪ ಸೇರಿದ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಪ್ರತಿಯೊಬ್ಬರ ಕಿವಿಗೂ ಅವರವರ ಮನಸ್ಸು ನೋಡಿ ಆಗಿಂದಾಗಲೇ ಹಾಡು ಹೆಣೆದು ಕೊಡುವ ಯಂತ್ರಗಳು ಬಂದಿದ್ದವು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳಿರುತ್ತಿರಲಿಲ್ಲ. ಈಚೆಗೆ ಏನು ಕೇಳಿದೆ ಎಂದು ಕೇಳುವುದೇ ಊರಲ್ಲಿ ನಿಂತುಹೋಗಿತ್ತು. ಈ ನಾಲ್ವರು ಮಾತ್ರ ಬಿಡಲಿಲ್ಲ. ಸರದಿಯ ಮೇಲೆ ಒಬ್ಬರು ಒಂದು ಆಲ್ಬಂ ತರಬೇಕು, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಒಂದನ್ನೂ ಹಾರಿಸದೆ, ಎಲ್ಲರೂ ಕೂಡಿ ಕೇಳಬೇಕು, ಆಮೇಲೆ ಮಾತು. ತಂದವರು ಎಲ್ಲರ ಮಾತು ಮುಗಿಯುವ ತನಕ ಬಾಯಿ ಬಿಡುವಂತಿಲ್ಲ. ಬರೇ ‘ಚಲೋ ಐತಿ’ ಅಂದವರು ಕೆಟಲ್ ಹಿಡಿದು ಕೆಳಗಿನ ಹೋಟೆಲಿನಿಂದ ಚಹಾ ತರಬೇಕು.

ಅಡಿವೆಪ್ಪ ಎಂದೂ ಚಹಾ ತಂದವನಲ್ಲ. ಅವನಿಗೆ ಕೋರ್ಟಿನಲ್ಲಿ, ಸಾಕ್ಷಿಗಳ ಹೇಳಿಕೆಯನ್ನು ಯಂತ್ರ ಸರಿಯಾಗಿ ಬರೆದಿದೆಯೇ ಎಂದು ಕಿವಿಯಿಂದ ತಾಳೆ ನೋಡುವ ಕೆಲಸ. ಯಾರು ಎಲ್ಲಿ ತಡವರಿಸಿದರು, ಎಲ್ಲಿ ಎಂಜಲು ನುಂಗಿದರು ಎಂಬುದು ಅವನಿಗೆ ತಾನಾಗಿ ಕೇಳುತ್ತಿತ್ತು. ಕೂಟದಲ್ಲೂ ಅದೇ. ಮೂರನೆಯ ಹಾಡನ್ನು ಬೇರೆ ದಿನ ಹಾಡಿದ್ದಾರೆ, ಮೊದಲೆರಡರಲ್ಲಿ ಇದ್ದ ಫ್ಯಾನಿನ ಸದ್ದು ಇದರಲ್ಲಿಲ್ಲ ಎನ್ನುತ್ತಿದ್ದ. ತಬಲಾದವನಿಗೆ ಹಾಡುವವಳ ಮೇಲೆ ಸಿಟ್ಟಿದೆ, ಅವಳು ಉಸಿರು ತೆಗೆದುಕೊಳ್ಳುವುದಕ್ಕೂ ಬಿಡುವುದಿಲ್ಲ ಎನ್ನುತ್ತಿದ್ದ. ಉಳಿದವರು ಬೈದುಕೊಂಡು ಮತ್ತೆ ಹಾಕಿ ಕೇಳಿದರೆ ತಬಲಾದವನ ಸಿಟ್ಟು ಎದ್ದು ಕೇಳುತ್ತಿತ್ತು. ಒಮ್ಮೆ ಅಥಣಿ ಕಡೆಯ ಹುಡುಗಿಯೊಬ್ಬಳ ಜನಪದ ಹಾಡುಗಳ ಆಲ್ಬಂ ಬಂತು. ಏರುದನಿಯ ಪ್ರತಿ ಸಾಲಿಗೆ ಮೊದಲು ಅವಳು ನುಂಗುತ್ತಾಳೆ, ಗಂಟಲು ನೋಯುತ್ತಿದೆ ಎಂದ ಅಡಿವೆಪ್ಪ. ಮುಂದಿನ ವರ್ಷ ಆ ಹುಡುಗಿ ಗಂಟಲಿನ ಚಿಕಿತ್ಸೆಗೆಂದು ಹಾಡು ನಿಲ್ಲಿಸಿದ್ದು ಸುದ್ದಿಯಾಯಿತು. ಅಂದಿನಿಂದ ದಸ್ತಗೀರ, ನಮ್ಮ ಕೂಟದಾಗ ಇಬ್ಬರು ಡಾಕ್ಟರ್ ಅದಾರ, ಒಬ್ಬಾಕಿ ಓದಿದಾಕಿ, ಒಬ್ಬಾಂವ ಓದಲಾರದಾಂವ ಎಂದು ಹೇಳಿಕೊಂಡು ತಿರುಗಿದ.

ಆ ದಸ್ತಗೀರ ಕೊನೆಗೂ ತನ್ನದೇ ಆಲ್ಬಂ ಮಾಡಲು ಹೊರಟ. ಮೂವತ್ತು ವರ್ಷ ಗಿರಾಕಿಗಳ ಕಣ್ಣಿಗೆ ಗಾಜು ಹಚ್ಚುತ್ತ ತನ್ನಷ್ಟಕ್ಕೆ ಹಾಡಿಕೊಂಡವನು, ಸ್ಟುಡಿಯೋ ಹಿಡಿದು, ತಾನೇ ಬರೆದ ಎಂಟು ಹಾಡು ಹಾಡಿದ. ‘ಓಣಿಯ ಕೊನೆಯ ಮನೆ’ ಎಂದು ಹೆಸರಿಟ್ಟ.

ಅಡಿವೆಪ್ಪ ಶಾಂಭವಿಯ ಬಳಿ ಹೋದದ್ದು ಆಗ.

"ಹಾಸ್ಟೆಲಿನಿಂದ ಕೇಳಕೋತ ಬಂದೇನಿ," ಎಂದ. "ಅಂವ ಹಾಡ್ತಾನ, ನಾ ಅವನ ಮಾರಿ ನೋಡಕೋತ ಕುಂದರ್ತೇನಿ. ಒಂದ ಸಲರ ಅಂವ ಹಾಡಿದ್ದು ನನಗ ಮುಟ್ಟಬೇಕು."

ರಸಸೇತುವನ್ನು ಇನ್ನೂ ಮನುಷ್ಯರ ಮೇಲೆ ನೋಡಿಲ್ಲ ಎಂದಳು ಶಾಂಭವಿ. ಹಂಗಾರ ನನ್ನಿಂದ ಶುರು ಮಾಡು ಎಂದ.

ಆಲ್ಬಂ ಕೇಳಿಸುವ ಭಾನುವಾರ ದಸ್ತಗೀರ ಹೊಸ ಜುಬ್ಬಾ ಹಾಕಿಕೊಂಡಿದ್ದ. ಸ್ಪೀಕರು ಒರೆಸಿಟ್ಟಿದ್ದ. ಅಡಿವೆಪ್ಪನ ಎದುರಿಗೇ ಕೂತು, ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಎರಡನೆಯ ಹಾಡಿಗೆ ಅಡಿವೆಪ್ಪನ ಕಣ್ಣು ತುಂಬಿದವು. ನಾಲ್ಕನೆಯದಕ್ಕೆ ಅವನು ಒರೆಸಿಕೊಳ್ಳುವುದನ್ನೂ ಬಿಟ್ಟ. ಇದೇ ದನಿ ತನ್ನ ಪಕ್ಕದ ದಿಂಬಿನಲ್ಲಿ ಮೂರು ವರ್ಷ ಹಾಡಿತ್ತು, ಆಗ ತಾನು ಎಲ್ಲಿದ್ದೆ ಎಂಬುದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಆಲ್ಬಂ ಮುಗಿಯಿತು. ಪರಸಪ್ಪ ಹಾರ್ಮೋನಿಯಂ ಜಾಸ್ತಿಯಾಯಿತು ಎಂದ. ಶಾಂಭವಿ ಆರನೆಯ ಹಾಡಿನ ಮಾತು ಮೊದಲು ಬರಬೇಕಿತ್ತು ಎಂದಳು. ದಸ್ತಗೀರ ತಲೆಯಾಡಿಸಿದನೇ ಹೊರತು ಅವರ ಕಡೆ ತಿರುಗಲಿಲ್ಲ.

ಮೂಗು ಒರೆಸಿಕೊಳ್ಳುತ್ತ ಅಡಿವೆಪ್ಪ ಹೇಳಿದ, "ಚಲೋ ಐತಿ."

ದಸ್ತಗೀರ ಕಾದ. "ಮುಂದ?" ಎಂದ, ನಿಯಮ ಮುರಿದು.

"ಮುಂದೇನಿಲ್ಲೋ. ಭಾಳ ಚಲೋ ಐತಿ."

ದಸ್ತಗೀರ ಅವನ ಒದ್ದೆ ಕಣ್ಣು ನೋಡಿದ. ಆಮೇಲೆ ಭುಜ ಸಡಿಲ ಬಿಟ್ಟು, ನಕ್ಕು, ಕೆಟಲ್ ತೋರಿಸಿದ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅಡಿವೆಪ್ಪ ಚಹಾ ತರಲು ಕೆಳಗಿಳಿದ. ಮೆಟ್ಟಿಲ ಮೇಲೆ ಅವನು ಹಾಡಿಕೊಳ್ಳುತ್ತಿದ್ದುದು ಮೇಲಿನವರಿಗೆ ಕೇಳಿಸಿತು.

ಆಮೇಲೆ ಪ್ರತಿ ಭಾನುವಾರ ಅವನೇ ಚಹಾ ತಂದ. ಯಾವ ಆಲ್ಬಂ ಬಂದರೂ ಅವನ ಕಣ್ಣು ಮುಚ್ಚುತ್ತಿತ್ತು, ತಲೆ ತೂಗುತ್ತಿತ್ತು. ಅವನು ಸುಖವಾಗಿದ್ದ. ಸುಖವಾಗಿದ್ದವನ ಹತ್ತಿರ ಹೇಳುವುದು ಬಹಳ ಇರಲಿಲ್ಲ. ಪರಸಪ್ಪ ಬರುವುದು ಕಡಿಮೆ ಮಾಡಿದ. ಶಾಂಭವಿ ವಿಚಾರಿಸಿದರೆ ಮುಚ್ಚಿಡದೆ ಹೇಳಿದ: ಮೊದಲು ಮನೆಗೆ ಹೋಗಿ ಅಡಿವೆಪ್ಪ ಹೇಳಿದ್ದನ್ನು ಹುಡುಕಿಕೊಂಡು ಆಲ್ಬಂ ಮತ್ತೊಮ್ಮೆ ಕೇಳುತ್ತಿದ್ದೆ, ಈಗ ಏನು ಹುಡುಕಲಿ, ಕಣ್ಣೀರು ನನ್ನ ಹತ್ತಿರವೂ ಇದೆ.

ದೀಪಾವಳಿಯ ಹೊತ್ತಿಗೆ ದಸ್ತಗೀರನ ದನಿ ಒಡೆಯಿತು. ಗಾಜು ಉಜ್ಜುವ ಧೂಳು ಎಂದುಕೊಂಡ, ಅರಿಸಿನ ಹಾಲು ಕುಡಿದ. ದನಿ ಪಿಸುಮಾತಿಗೆ ಇಳಿದ ಮೇಲೆ ಆಸ್ಪತ್ರೆಗೆ ಹೋದ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿತ್ತು. ವರ್ಷದ ಹಿಂದೆಯೇ ಹುಟ್ಟಿದ್ದು, ಆಗ ಬಂದಿದ್ದರೆ ಚೂರು ಕೆರೆದು ತೆಗೆಯುತ್ತಿದ್ದೆವು ಎಂದರು ವೈದ್ಯರು. ಈಗ ಪೆಟ್ಟಿಗೆಯನ್ನೇ ತೆಗೆದರು.

ವರ್ಷದ ಹಿಂದೆ ಎಂದರೆ ಸ್ಟುಡಿಯೋದಲ್ಲಿ ಹಾಡಿದ ದಿನಗಳು.

ಅಡಿವೆಪ್ಪ ಪ್ರಯೋಗಾಲಯಕ್ಕೆ ಹೋಗಿ ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ. "ಇದನ್ನ ಬಂದ್ ಮಾಡು."

ಶಾಂಭವಿ ಅದಾಗಲೇ ಅವನ ಪ್ರಯೋಗದ ಹಳೆಯ ದಾಖಲೆಗಳನ್ನು ತೆಗೆದು ನೋಡಿದ್ದಳು. ಮನುಷ್ಯನ ಗಮನಕ್ಕೆ ಒಂದು ಅಳತೆಯಿದೆ, ಸುಖ ಬಂದು ಕೂತರೆ ಅದರಲ್ಲಿ ಬಹುಪಾಲು ಅದಕ್ಕೇ ಹೋಗುತ್ತದೆ ಎಂದು ವಿವರಿಸಿದಳು. ಅಡಿವೆಪ್ಪನ ಗಮನ ಹುಟ್ಟಿನಿಂದ ಖಾಲಿ ಬಿದ್ದಿತ್ತು. ಅದಕ್ಕೇ ಉಸಿರು, ಫ್ಯಾನು, ಸ್ಟೂಲು ಎಲ್ಲ ಅದರಲ್ಲಿ ಬಂದು ಬೀಳುತ್ತಿದ್ದವು.

"ಇದು ನಿನಗ ಮೊದಲ ಗೊತ್ತಿತ್ತೇನು?"

"ಸಂತೋಷ ಎಷ್ಟ ಆತು ಅನ್ನೂದನ್ನ ಅಳದ್ವಿ. ಏನ ಹೋತು ಅನ್ನೂದನ್ನ ಅಳೀಲಿಲ್ಲ," ಎಂದಳು. "ಅವತ್ತ ನೀ ಯಾವ ಸ್ಟೂಲು ಅಂದಿ. ನಾ ನಕ್ಕೆ."

ಸಾಧನ ನಿಂತಿತು. ಅಲ್ಲಿಯೇ ಕೂತು ಅಡಿವೆಪ್ಪ ‘ಓಣಿಯ ಕೊನೆಯ ಮನೆ’ಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ. ಏನೂ ಆಗಲಿಲ್ಲ. ಎಲ್ಲಿ ಅತ್ತಿದ್ದೆ ಎಂಬುದು ನೆನಪಿತ್ತು, ಏಕೆ ಎಂಬುದು ತಿಳಿಯಲಿಲ್ಲ. ಆದರೆ ಎರಡನೆಯ ಹಾಡಿನ ಏರುಸಾಲಿಗೆ ಮೊದಲು ದಸ್ತಗೀರ ನುಂಗಿದ್ದು ಕೇಳಿಸಿತು. ಅಥಣಿಯ ಹುಡುಗಿಯ ಹಾಗೆಯೇ. ಸ್ಪಷ್ಟವಾಗಿ, ಕಿವಿಯ ಪಕ್ಕದಲ್ಲಿ ಕೂತು ನುಂಗಿದಂತೆ.

ದಸ್ತಗೀರ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ. ಕೊರಳಿಗೆ ಒಂದು ದನಿಪಟ್ಟಿ ಕಟ್ಟಿದ್ದರು. ತುಟಿ ಆಡಿಸಿದರೆ ಅದು ಮಾತಾಗಿಸುತ್ತಿತ್ತು. ಆ ಮಾತು ಮಾತ್ರ ವಾರ್ತೆ ಓದುವವರದು.

"ಬನ್ನಿ ಅಡಿವೆಪ್ಪನವರೇ, ದಯವಿಟ್ಟು ಕುಳಿತುಕೊಳ್ಳಿ," ಎಂದಿತು ಪಟ್ಟಿ.

"ಏನಲೇ ಇದು. ಬೈಯಾಕ ಬರೂದಿಲ್ಲೇನು ಇದಕ್ಕ?"

"ಬರುವುದಿಲ್ಲ. ಬಹಳ ಪ್ರಯತ್ನಿಸಿದ್ದೇನೆ."

ಇಬ್ಬರೂ ನಕ್ಕರು. ದಸ್ತಗೀರನ ನಗುವಿಗೆ ಸದ್ದಿರಲಿಲ್ಲ; ನಗುವನ್ನು ಏನು ಮಾಡಬೇಕೆಂದು ಪಟ್ಟಿಗೆ ತಿಳಿದಿರಲಿಲ್ಲ. ಅಡಿವೆಪ್ಪ ಕಿವಿಯ ಹಿಂದಿನ ಸಾಧನದ ಕತೆಯನ್ನೆಲ್ಲ ಹೇಳಿದ. ಮೂವತ್ತು ವರ್ಷ ಒಂದು ಹಾಡೂ ಮುಟ್ಟಿರಲಿಲ್ಲ ಎಂಬುದನ್ನೂ ಹೇಳಿದ. ದಸ್ತಗೀರ ಬೇಸರಪಟ್ಟುಕೊಳ್ಳಲಿಲ್ಲ. ಆ ಭಾನುವಾರದ ಮಾತು ಬಾಕಿ ಇದೆ, ಈಗ ಹೇಳಿ ಎಂದಿತು ಪಟ್ಟಿ.

ಅಡಿವೆಪ್ಪ ಹೇಳಿದ. ಎರಡನೆಯ ಹಾಡಿನಲ್ಲಿ ಎಲ್ಲಿ, ಮೂರನೆಯದರಲ್ಲಿ ಎಲ್ಲಿ, ಯಾವ ಮಾತಿಗೆ ಮೊದಲು ನುಂಗಿದ, ಯಾವ ಮಾತಿನ ಮೇಲೆ ದನಿ ಜಾರಿತು, ಯಾವ ಸಾಲನ್ನು ಮೇಲಕ್ಕೆ ಒಯ್ಯದೆ ಕೆಳಗೇ ಹೊರಳಿಸಿದ. ದಸ್ತಗೀರ ಒಂದೊಂದಕ್ಕೂ ಒಂದು ಬೆರಳು ಮಡಚುತ್ತ, ಹೌದು ಎಂದು ತಲೆಯಾಡಿಸುತ್ತ ಹೋದ.

"ಹೌದು. ಅಲ್ಲೆಲ್ಲ ನೋಯುತ್ತಿತ್ತು," ಎಂದಿತು ಪಟ್ಟಿ.

"ಮತ್ತ ಹೇಳಬೇಕಿತ್ತಲ್ಲೋ ನೀನರ. ದವಾಖಾನಿಗೆ ಹೋಗಬೇಕಿತ್ತಲ್ಲೋ."

ದಸ್ತಗೀರನ ತುಟಿ ನಿಧಾನ ಆಡಿತು. ಪಟ್ಟಿ ಅದೇ ವಾರ್ತೆಯ ದನಿಯಲ್ಲಿ ಹೇಳಿತು: "ಏನಾದರೂ ಇದ್ದರೆ ನೀವು ಹಿಡಿಯುತ್ತೀರಿ ಎಂದು ಕಾಯುತ್ತಿದ್ದೆ. ನೀವು ಅತ್ತಿರಿ. ಹಾಗಾದರೆ ಏನೂ ಇಲ್ಲ ಎಂದುಕೊಂಡೆ."

ಆಮೇಲೆ ದಸ್ತಗೀರ ಎದ್ದು, ಗೋಡೆಗೆ ತೂಗುಹಾಕಿದ್ದ ಕೆಟಲ್ ತೆಗೆದುಕೊಂಡು, ಚಹಾ ತರಲು ತಾನೇ ಕೆಳಗಿಳಿದ. ಅಡಿವೆಪ್ಪನ ಮಾತು ಎಂಟನೆಯ ಹಾಡಿಗೆ ಮುಗಿದಿತ್ತು. ದಸ್ತಗೀರನ ಎರಡು ಕೈಯ ಬೆರಳು ಸಾಲದೆ ಒಂದನ್ನು ಬಿಚ್ಚಿ ಮತ್ತೆ ಮಡಚಬೇಕಾಗಿತ್ತು. ನೋವಿದ್ದದ್ದು ಹನ್ನೊಂದು ಜಾಗ.