ಒಲೆ ಆರಿಸಿದವನು

"ಏಯ್! ನನ್ನ ಒಲೆ ಆರಿಸೋಕೆ ನೀವ್ಯಾರ್ರೀ?"

ಟೈಲರಮ್ಮನ ಕೂಗಿಗೆ ಕಟ್ಟಡವೇ ಬೆಚ್ಚಿಬಿತ್ತು. ಅಡುಗೆಮನೆಯ ಕಿಟಕಿಗೆ ಕಂಬಿ ಬೆಸೆಯಲು ಬಂದಿದ್ದ ಮೇಲಿನ ಮನೆಯ ವೆಲ್ಡರ್, ಒಲೆಯ ತಿರುಪಿನ ಮೇಲಿಟ್ಟ ಕೈ ತೆಗೆಯಲೂ ಮರೆತು ಕಣ್ಣು ಕಣ್ಣು ಬಿಟ್ಟ.

"ಚೀಸ್ ಹಾಕೋಕೆ ಹೋದ್ರಲ್ಲ... ಅದಕ್ಕೇ..."

"ಕಿಟಕಿ ನಿಮ್ದು, ಒಲೆ ನಂದು! ನಡೀರಿ ಆಚೆ!"

ಅವನು ಸಾಮಾನು ಎತ್ತಿಕೊಂಡು ತಲೆ ತಗ್ಗಿಸಿ ಹೋದ.

ಅವಳಿಗೆ ಅಳು ಒತ್ತರಿಸಿ ಬಂತು. ಅವನು ಬರುತ್ತಾನೆಂದೇ ಹೊಸ ಓಲೆ ಹಾಕಿಕೊಂಡಿದ್ದಳು! ಅವನಿಗೂ ಒಂದು ತಟ್ಟೆ ಬಡಿಸಬೇಕೆಂದೇ ಅಷ್ಟೊಂದು ಮ್ಯಾಕರೋನಿ ಬೇಯಿಸಿದ್ದಳು!

ಆದರೆ ಅಪ್ಪ... ಅಡುಗೆ ಹಿಡಿಸದಿದ್ದರೆ ಅಪ್ಪನೂ ಹೀಗೇ ಬಂದು ಒಲೆ ಆರಿಸುತ್ತಿದ್ದ. ಮಾತಿಲ್ಲ ಕಥೆಯಿಲ್ಲ, ಟಕ್! ಅಮ್ಮ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

'ಇವನೂ ಅಂಥವನೇ!'

ಆಮೇಲೆ ಮೆಟ್ಟಿಲಲ್ಲಿ ಎದುರಾದರೂ ಮುಖ ತಿರುಗಿಸಿದಳು. ಕಿಟಕಿಯಲ್ಲಿ ಒಂದು ಕಂಬಿ ಸಡಿಲವಾಗಿಯೇ ಉಳಿದು, ಗಾಳಿ ಬೀಸಿದಾಗಲೆಲ್ಲ ಗಡಗಡ ಎನ್ನುತ್ತಿತ್ತು. ಕರೆಯಲಿಲ್ಲ. ಹಠ ಅಂದರೆ ಹಠ!

ತಿಂಗಳು ಕಳೆಯಿತು.

"ಇವತ್ತೂ ಮ್ಯಾಕರೋನೀನೇನೇ?" ಹಲ್ಲು ಕೀಳಿಸಿಕೊಂಡು ಮೆತ್ತನೆಯದನ್ನೇ ಉಣ್ಣುತ್ತಿದ್ದ ಚಿಕ್ಕಮ್ಮ ಮೂಗೆಳೆದಳು. "ಹೋದ್ಸಲ ಸಾಸೆಲ್ಲ ಮರಳು ಮರಳು. ಉಳಿದಿರೋ ಹಲ್ಲೂ ಹೆದರ್ಕೊಂಡಿದಾವೆ."

"ಸುಮ್ನಿರು ಚಿಕ್ಕಮ್ಮ!"

"ಸುಮ್ನಿರ್ತೀನಿ ಬಿಡು. ಅಂದಹಾಗೆ, ಮೇಲಿನ ಹುಡುಗ ಊರು ಬಿಡ್ತಿದಾನೆ. ಹಡಗು ಕಟ್ಟೋ ಕಡೆ ಕೆಲಸವಂತೆ. ಕೆಳಗೆ ಗಾಡಿಗೆ ಸಾಮಾನು ಹೇರ್ತಿದಾನೆ ನೋಡು."

ಅವಳು ಕಿಟಕಿಗೆ ಓಡಿ ಇಣುಕಿದಳು.

'ಹೋಗಲಿ! ನನಗೇನು?'

ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹುರಿದಳು. ಹಾಲು ಸುರಿದು ಗಂಟಾಗದಂತೆ ಗರಗರ ತಿರುವಿದಳು. ಬೆಂದ ಕ್ಯಾರೆಟ್, ಬಟಾಣಿ, ಹೂಕೋಸು ಪಕ್ಕದಲ್ಲಿ ಹಬೆಯಾಡುತ್ತಿದ್ದವು. ಕಣ್ಣು ಮಾತ್ರ ಕಿಟಕಿಯಾಚೆ... ಅಯ್ಯೋ, ಅವನ ಟ್ರಂಕು ಗಾಡಿ ಏರಿತು!

ಚೀಸ್ ತುರಿಗೆ ಕೈ ಹಾಕಿದಳು. ಅಷ್ಟರಲ್ಲಿ... ಬುಸ್! ಗ್ಯಾಸ್ ಮುಗಿದು ಒಲೆ ಆರಿಹೋಯಿತು.

"ಥೂ! ಇವತ್ತೇ ಖಾಲಿಯಾಗ್ಬೇಕಿತ್ತಾ ನಿಂಗೆ?" ಸಿಲಿಂಡರಿಗೆ ಒಂದು ಒದೆ ಕೊಟ್ಟು, ಸಿಟ್ಟಿನಲ್ಲೇ ಚೀಸ್ ಸುರಿದು ತಿರುವಿದಳು.

ಅರೆ!

ಸಾಸ್ ಒಡೆಯಲಿಲ್ಲ. ಮರಳಾಗಲಿಲ್ಲ. ಚೀಸ್ ಮೆಲ್ಲಗೆ ಕರಗಿ, ಸೌಟಿನಿಂದ ರೇಷ್ಮೆಯಂತೆ ಜಾರಿ ಇಳಿಯಿತು!

ಚೀಸ್ ಹಾಕುವಾಗ ಬೆಂಕಿ ಇರಬಾರದು... ಅಷ್ಟೇ! ಅವನು ಒಲೆ ಆರಿಸಿದ್ದು ಅವಳ ಅಡುಗೆ ಕೆಡದಿರಲೆಂದು!

'ಅಪ್ಪನ ಮೇಲಿನ ಸಿಟ್ಟನ್ನ ಇವನ ಮೇಲೆ ಕಕ್ಕಿಬಿಟ್ಟೆನಲ್ಲ!'

ಮ್ಯಾಕರೋನಿ, ತರಕಾರಿ ಎಲ್ಲ ಸುರಿದು ಕಲಸಿದವಳೇ, ಬಾಣಲೆ ಹಿಡಿದು ಬರಿಗಾಲಲ್ಲಿ ಓಡಿದಳು.

"ನನ್ ಪಾಲು ಇಟ್ ಹೋಗೇ!" ಚಿಕ್ಕಮ್ಮನ ಕೂಗು ಮನೆಯಲ್ಲೇ ಉಳಿಯಿತು.

ಗಾಡಿ ಆಗಲೇ ಗುರ್ರೆನ್ನುತ್ತಿತ್ತು.

"ನಿಲ್ಸೀ!"

ಅವನು ತಿರುಗಿದ. ಅವಳು ಏದುಸಿರು ಬಿಡುತ್ತಿದ್ದಳು.

"ಚೀಸ್‌ಗೆ ಬೆಂಕಿ ಆಗಲ್ಲ ಅಂತ ಯಾಕ್ರೀ ಹೇಳ್ಲಿಲ್ಲ?"

"ಹೇಳೋಕೆ ಎಲ್ಲಿ ಬಿಟ್ರಿ?"

"ನಮ್ಮಪ್ಪ... ಅಮ್ಮನ ಅಡುಗೆ ಹಿಡಿಸ್ದೇ ಇದ್ರೆ ಹಂಗೇ ಒಲೆ ಆರಿಸ್ತಿದ್ದ. ನೀವೂ ಹಂಗೇ ಅನ್ಕೊಂಡೆ. ತಪ್ಪಾಯ್ತು."

ಅವನ ಮುಖ ಮೆತ್ತಗಾಯಿತು. "ನಂದೂ ತಪ್ಪೇ. ಕೇಳ್ದೆ ಕೈ ಹಾಕ್ಬಾರ್ದಿತ್ತು."

ಅವಳು ಸೌಟು ಮುಂದೆ ಹಿಡಿದಳು. ಅವನು ತಿಂದ. ಕಣ್ಣು ತಾನಾಗಿ ಮುಚ್ಚಿತು.

"ಆ ಕಂಬಿ ಇನ್ನೂ ಅಲ್ಲಾಡ್ತಿದೆಯಾ?"

"ನಿದ್ದೆ ಮಾಡೋಕೇ ಬಿಡಲ್ಲ!"

"ಆವತ್ತು ಬೇಕಂತ್ಲೇ ಅದೊಂದನ್ನ ಉಳಿಸ್ಕೊಂಡಿದ್ದೆ... ಮಾರನೇ ದಿನಾನೂ ನಿಮ್ಮನ್ನ ನೋಡ್ಬಹುದು ಅಂತ. ನೀವು ಕರೀಲೇ ಇಲ್ಲ."

"ಈಗ ಕರೀತಿದೀನಿ!" ಅವಳ ಕಣ್ಣು ತುಂಬಿತು. "ಹೋಗ್ಬೇಡಿ. ನೀವಂದ್ರೆ ನಂಗೆ... ತುಂಬಾ ಇಷ್ಟ!"

"ಏನ್ರೀ, ಹತ್ತುತ್ತೀರೋ ಇಲ್ವೋ?" ಡ್ರೈವರ್ ಹಾರ್ನ್ ಒತ್ತಿದ.

"ಟ್ರಂಕು ಇಳಿಸಣ್ಣ!" ಎಂದವನು ಅವಳತ್ತ ಬಾಗಿ ಮೆಲ್ಲಗೆ ಅಂದ, "ಇನ್ಮೇಲೆ ಒಲೆ ಆರಿಸೋಕೆ ಮುಂಚೆ ಕೇಳ್ತೀನಿ."

"ಅದೆಲ್ಲ ಬೇಡ. ನೀವು ಪಕ್ಕದಲ್ಲಿ ನಿಂತಿರಿ, ಸಾಕು... ನಾನೇ ಆರಿಸ್ತೀನಿ."